ಇಪ್ಪತ್ತೊಂದೂವರೆ ಇಂಚು

ನಮ್ಮ ಬೀದಿಯಲ್ಲಿ ನನಗೆ ಎರಡು ಹೆಸರುಗಳಿವೆ. ಮುಖದೆದುರು ಕರೆಯುವುದು ‘ಪಾರ್ಲಿಮೆಂಟು’ ಎಂದು. ದೇಶದ ರಾಜಕೀಯದ ಮಾತು ಬಂದರೆ ನನ್ನ ಬಾಯಿಗೆ ಬೀಗವಿಲ್ಲ ಅಂತ ಯಾರೋ ಇಟ್ಟರು, ನಾನೂ ಅದನ್ನು ಬಿರುದಿನಂತೆ ಹೊತ್ತು ತಿರುಗಿದೆ. ಇನ್ನೊಂದು ಬೆನ್ನ ಹಿಂದಿನದು: ‘ಟೈಲರಮ್ಮನ ಗಂಡ’. ಅದು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಗುಮಾಸ್ತನಾಗಿದ್ದವನು, ಬೀದಿಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿ, ಮಂತ್ರಿಮಂಡಲದ ಅಷ್ಟೂ ಖಾತೆಗಳನ್ನು ಬಾಯಿಪಾಠ ಒಪ್ಪಿಸಬಲ್ಲವನು. ಅಂಥವನಿಗೆ ಹೆಂಡತಿಯ ಹೆಸರಿನಿಂದ ಗುರುತೇ? ಈಗ ಆ ಉರಿ ಇಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಳ ಅಂಗಡಿ ನಮ್ಮ ಮನೆಯ ಮುಂದಿನ ಕೋಣೆಯೇ. ಕಿಟಕಿಯ ಕೆಳಗೆ ಕಾಲಿನಿಂದ ತುಳಿಯುವ ಕಪ್ಪು ಮಿಷನ್ನು, ಅದರ ಎದುರಿಗೆ ಬಟ್ಟೆ ಕತ್ತರಿಸುವ ಹಲಗೆ, ಗೋಡೆಯ ಉದ್ದಕ್ಕೂ ಒಂದು ಕಬ್ಬಿಣದ ಸರಳು. ಹೊಲಿದು ಇಸ್ತ್ರಿಯಾದ ಬಟ್ಟೆಗಳು ಆ ಸರಳಿನಲ್ಲಿ ನೇತಾಡುತ್ತ ತಮ್ಮ ತಮ್ಮ ಒಡೆಯರನ್ನು ಕಾಯುತ್ತವೆ. ಮೂಲೆಯ ಮಂಚದ ಮೇಲೆ ನನ್ನ ಅಮ್ಮ. ಎಪ್ಪತ್ತೆಂಟು ವಯಸ್ಸಾದರೂ ಕಾಜ ಮತ್ತು ಗುಂಡಿಯ ಖಾತೆ ಇವತ್ತಿಗೂ ಅವಳ ಕೈಯಲ್ಲೇ ಇದೆ. ನಾನು ಒಳಗಿನ ಕೋಣೆಯಲ್ಲಿ ಟಿವಿಯ ಚರ್ಚೆ ನೋಡುತ್ತ ಕೂಗಾಡಿದರೆ ಅಮ್ಮ ಹೊರಗಿನಿಂದಲೇ ಕೇಳುತ್ತಾಳೆ: “ಅಷ್ಟೊಂದು ಹೊಗಳ್ತೀಯಲ್ಲೋ, ನಿನ್ನ ಆ ಮಂತ್ರಿಗೆ ಒಂದು ಗುಂಡಿ ಹಾಕೋಕೆ ಬರುತ್ತೇನೋ?”

ನನ್ನ ಹೆಂಡತಿಗೆ ಒಂದು ಅಭ್ಯಾಸವಿದೆ. ಹೊಲಿಗೆ ಮುಗಿದ ಮೇಲೆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಿಗೆಯನ್ನು ಕಿವಿಯ ಹತ್ತಿರ ತಂದು ಜಗ್ಗುತ್ತಾಳೆ. ಒಂದು ಚೂರು ಸದ್ದು ಬಂದರೂ ಬಿಚ್ಚಿ ಮೊದಲಿನಿಂದ ಹೊಲಿಯುತ್ತಾಳೆ. ಗಿರಾಕಿ ಬಾಗಿಲಲ್ಲಿ ಕಾಯುತ್ತಿದ್ದರೂ ಅಷ್ಟೇ, ಅವಸರವೆಂದು ಬಾಯಿ ಮಾಡಿದರೂ ಅಷ್ಟೇ. ಮೂವತ್ತೊಂದು ವರ್ಷದಲ್ಲಿ ಅವಳು ಹೊಲಿದದ್ದು ಬಾಯಿಬಿಟ್ಟಿತು ಎಂದು ಒಬ್ಬರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ. ಹತ್ತಿ ಬಂದ ಮೊದಲನೆಯವರು ಲೆಕ್ಕದ ಮೇಷ್ಟರು.

ಕಾಗದದಲ್ಲಿ ಸುತ್ತಿದ ಪ್ಯಾಂಟನ್ನು ಹಲಗೆಯ ಮೇಲೆ ಹಾಕಿ ಮೇಷ್ಟರು ಹೇಳಿದರು: “ಏನಮ್ಮಾ ಇದು? ಹೊಲಿಸಿ ಇಪ್ಪತ್ತು ದಿನ ಆಗಿಲ್ಲ. ಬೋರ್ಡಿನ ಕಡೆ ತಿರುಗಿ ಬರೀತಾ ಇದ್ದೆ, ಇಡೀ ಕ್ಲಾಸು ನಗೋಕೆ ಶುರು ಮಾಡ್ತು. ಲೆಕ್ಕ ಎಲ್ಲಿ ತಪ್ಪಾಯ್ತು ಅಂತ ನಾನು ಬೋರ್ಡೇ ನೋಡ್ತಾ ನಿಂತಿದ್ದೀನಿ.”

ಅಮ್ಮ ಕೈಯಲ್ಲಿದ್ದ ಅಂಗಿಯನ್ನೇ ಬಾಯಿಗೆ ಒತ್ತಿಕೊಂಡು ನಕ್ಕಳು. ನನ್ನ ಹೆಂಡತಿ ನಗಲಿಲ್ಲ. ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಕಾಲು ಸೇರುವ ಜಾಗವನ್ನು ಬೆರಳಿನಿಂದ ಸವರಿ ನೋಡಿ, “ನಾಳಿದ್ದು ಬನ್ನಿ ಮೇಷ್ಟ್ರೇ” ಎಂದಳು.

ಆಮೇಲೆ ಬಂದವರು ಆಸ್ಪತ್ರೆಯ ನರ್ಸು. ಅವರ ಸ್ಕರ್ಟಿನ ಹಿಂದಿನ ಸೀಳು ಒಂದು ಗೇಣು ಮೇಲಕ್ಕೆ ಹರಿದಿತ್ತು. ಅವರ ಹಿಂದೆ ಅಂಚೆ ಕಚೇರಿಯವರು, ಔಷಧಿ ಅಂಗಡಿಯವರು, ಮೂಲೆಮನೆಯ ಮಾವ. ಮೂರು ವಾರದಲ್ಲಿ ಹನ್ನೊಂದು ಬಟ್ಟೆಗಳು ವಾಪಸು ಬಂದವು. ಬಂದಷ್ಟು ಬೇಗ ಸುದ್ದಿಯೂ ಹೊರಗೆ ಹೋಯಿತು. ಟೈಲರಮ್ಮನಿಗೆ ಕಣ್ಣು ಮಂಜಾಗಿದೆಯಂತೆ, ಕೈ ನಡುಗುತ್ತದಂತೆ, ಅಗ್ಗದ ದಾರ ತರುತ್ತಾಳಂತೆ. ಗೋಡೆಯ ಸರಳು ಖಾಲಿಯಾಗುತ್ತ ಬಂತು. ಹೊಸ ಬಟ್ಟೆ ಹಿಡಿದು ನಮ್ಮ ಬಾಗಿಲ ಮುಂದೆಯೇ ಮಾರುಕಟ್ಟೆಯ ಕಡೆ ನಡೆದುಹೋದವರನ್ನು ಅವಳು ಮಿಷನ್ನಿನ ಹಿಂದಿನಿಂದ ನೋಡಿದಳು. ಅವರ ಸೊಂಟದ ಸುತ್ತಳತೆ, ಕಾಲಿನ ಉದ್ದ ಎಲ್ಲವೂ ಅವಳ ಅಳತೆ ಪುಸ್ತಕದಲ್ಲಿತ್ತು.

ನಾನು ಆಗ ಏನು ಮಾಡುತ್ತಿದ್ದೆ? ರಾಜಧಾನಿಯಲ್ಲಿ ಸರ್ಕಾರ ಉಳಿಯುತ್ತದೋ ಉರುಳುತ್ತದೋ ಎಂದು ಎಣಿಕೆ ಹಾಕುತ್ತಿದ್ದೆ. ಟಿವಿಯಿಂದ ಕಣ್ಣು ಕೀಳದೆ ಅವಳಿಗೊಂದು ಸಲಹೆ ಕೊಟ್ಟೆ: “ಎರಡೆಳೆ ದಾರ ಹಾಕಿ ಹೊಲಿದು ಕೊಟ್ಟುಬಿಡು. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯಾ?”

ಅವಳು ಬಂದು ಟಿವಿ ಆರಿಸಿದಳು. ಮದುವೆಯಾದ ಮೇಲೆ ಅವಳು ಹಾಗೆ ಮಾಡಿದ್ದು ಅದೇ ಮೊದಲು.

“ರೀ, ಇಲ್ಲಿ ಬನ್ನಿ” ಎಂದಳು. ಹೋದೆ. ಹನ್ನೊಂದೂ ಬಟ್ಟೆಗಳನ್ನು ಒಳಮೈ ಹೊರಗೆ ಮಾಡಿ ನೆಲದ ಮೇಲೆ ಸಾಲಾಗಿ ಹಾಸಿದ್ದಳು. ನನ್ನನ್ನು ಮಂಡಿಯೂರಿ ಕೂರಿಸಿದಳು.

“ನೋಡಿ. ದಾರ ಎಲ್ಲಾದರೂ ಬಿಟ್ಟಿದೆಯಾ?”

ಬಿಟ್ಟಿರಲಿಲ್ಲ. ಹೊಲಿಗೆ ಇದ್ದ ಹಾಗೇ ಇತ್ತು. ಹೊಲಿಗೆಯ ಪಕ್ಕದ ಬಟ್ಟೆ ಹರಿದಿತ್ತು.

“ನನ್ನ ತಪ್ಪಾಗಿದ್ದರೆ ಹೊಲಿಗೆ ಬಿಚ್ಕೋಬೇಕಿತ್ತು. ಬಟ್ಟೆ ಹರಿದಿದೆ ಅಂದ್ರೆ ಯಾವುದೋ ದೊಡ್ಡ ಜಗ್ಗಾಟ. ಪ್ಯಾಂಟುಗಳೆಲ್ಲ ಬಲಗಾಲಿನ ಕಡೆಗೇ ಹರಿದಿವೆ, ನೋಡಿದ್ರಾ? ಇನ್ನೊಂದು ವಿಷಯ. ಮೇಷ್ಟ್ರ ಪ್ಯಾಂಟೂ ಕಟಿಂಗ್ ಶಾಪಿನವನ ಪ್ಯಾಂಟೂ ಒಂದೇ ಥಾನಿನ ಬಟ್ಟೆ, ಒಂದೇ ದಿನ ಹೊಲಿದದ್ದು. ಅವನದು ಗಟ್ಟಿಯಾಗಿದೆ. ಹೋಗಿ ನೋಡಿಬಂದೆ.”

“ಅವನು ಮೇಷ್ಟ್ರಿಗಿಂತ ದಪ್ಪ ಬೇರೆ” ಎಂದಳು ಅಮ್ಮ ಮಂಚದಿಂದ.

“ದಪ್ಪ ಇದ್ದರೇನು ಅತ್ತೆ, ಅವನು ಅಂಗಡಿಗೆ ನಡೆದು ಹೋಗ್ತಾನೆ. ಈ ಹನ್ನೊಂದು ಜನರೂ ಬಸ್ಸಿಗೆ ಹೋಗೋರು. ಒಬ್ಬೊಬ್ಬರನ್ನೂ ಕೇಳಿದೆ. ಎಲ್ಲರೂ ನಮ್ಮ ಸ್ಟಾಪಿನಲ್ಲೇ ಹತ್ತೋದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸ್ಟಾಪು ಎಂದ ತಕ್ಷಣ ನಾನು ಬಟ್ಟೆಗಳ ಮುಂದಿನಿಂದ ಎದ್ದುಬಿಟ್ಟೆ. ಅದರ ಕಾರಣವನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಹತ್ತು ತಿಂಗಳ ಹಿಂದೆ ರಾಜಧಾನಿಯಿಂದ ಒಬ್ಬ ದೊಡ್ಡ ನಾಯಕರು ನಮ್ಮ ಕಡೆ ಭಾಷಣಕ್ಕೆ ಬಂದಿದ್ದರು. ವೇದಿಕೆಗೆ ಬಸ್ ಸ್ಟಾಪು ಅಡ್ಡವಾಯಿತು. ಹದಿನೈದು ದಿನದ ಮಟ್ಟಿಗೆ ಅದರ ತಗಡಿನ ಸೂರನ್ನು ಅರವತ್ತು ಹೆಜ್ಜೆ ಆಚೆಗೆ ಸರಿಸುತ್ತೇವೆ, ನಿವಾಸಿಗಳ ಒಪ್ಪಿಗೆ ಬೇಕು ಅಂತ ಒಂದು ಕಾಗದ ನನ್ನ ಹತ್ತಿರ ಬಂತು. ಸಂಘದ ಸಭೆ ಕರೆಯಲಿಲ್ಲ, ಯಾರನ್ನೂ ಕೇಳಲಿಲ್ಲ. ಕಾಗದ ತಂದವರು ಎದೆಗೆ ಚುಚ್ಚಿಕೊಳ್ಳುವ ಒಂದು ಬಿಲ್ಲೆ ಕೊಟ್ಟು, ಆರನೇ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇವೆ ಎಂದರು. ನಿಂತ ನಿಲುವಿನಲ್ಲಿ ಸಹಿ ಹಾಕಿದೆ. ನಾಯಕರು ಬಂದರು, ದೇಶದ ಭವಿಷ್ಯ ಹೇಳಿದರು, ಹೋದರು. ಸೂರು ಮಾತ್ರ ಆಚೆಯೇ ಉಳಿಯಿತು. ಎರಡು ತಿಂಗಳ ಹಿಂದೆ ರಸ್ತೆಗೆ ಹೊಸ ಡಾಂಬರು ಬಿತ್ತು. ನಾನು ಆ ಡಾಂಬರಿಗೂ ನಾಯಕರನ್ನೇ ಹೊಗಳಿದ್ದೆ.

ಮೇಷ್ಟರು ರಿಪೇರಿಯಾದ ಪ್ಯಾಂಟು ಒಯ್ಯಲು ಬಂದಾಗ ಅವಳು, “ಹೊಲಿಗೆಯದಲ್ಲ ಮೇಷ್ಟ್ರೇ, ಆ ಸ್ಟಾಪಿನ ನೆಲದ್ದೇ ಏನೋ ತೊಂದರೆ ಇದೆ” ಎಂದಳು. ಅವರು ಪ್ಯಾಂಟು ಮಡಿಚಿಕೊಳ್ಳುತ್ತ ನಕ್ಕರು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬಿಡಿ ಅಮ್ಮಾ, ವಯಸ್ಸಾದ ಮೇಲೆ ಎಲ್ಲರ ಕೈಯೂ ತಪ್ಪುತ್ತೆ.”

ಅವರು ಹೋದ ಮೇಲೆ ಅವಳು ಕತ್ತರಿಯನ್ನು ಪೆಟ್ಟಿಗೆಯಲ್ಲಿಟ್ಟು, ಚಪ್ಪಲಿ ಮೆಟ್ಟಿ, ಕುತ್ತಿಗೆಯಲ್ಲಿದ್ದ ಅಳತೆ ಟೇಪಿನೊಂದಿಗೇ ಬೀದಿಗೆ ಇಳಿದಳು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ಅವಳ ಜೊತೆ ಹೋದೆ ಎಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ.

ಬಸ್ಸು ಬಂತು. ಹತ್ತುವವರೆಲ್ಲ ಹತ್ತಿದ ಮೇಲೆ ಅವಳು ಬಾಗಿಲ ಬಳಿ ಕೂತು ಟೇಪಿನ ತುದಿಯನ್ನು ನೆಲಕ್ಕೆ ಒತ್ತಿ, ಮೊದಲ ಮೆಟ್ಟಿಲಿಗೆ ಹಿಡಿದಳು. ಕಂಡಕ್ಟರ್ ಬಗ್ಗಿ ನೋಡಿದ. “ಏನಮ್ಮಾ, ಬಸ್ಸಿಗೆ ಅಂಗಿ ಹೊಲೀತೀರಾ?”

“ಎಷ್ಟಿದೆ ಓದಪ್ಪಾ. ನನ್ನ ಕಣ್ಣು ಮಂಜಾಗಿದೆಯಂತೆ.”

ಅವನು ಕೆಳಗಿಳಿದು ಓದಿದ. ಇಪ್ಪತ್ತೊಂದೂವರೆ ಇಂಚು. ಅವನ ಮುಖದ ನಗು ಹೋಯಿತು. “ಅಮ್ಮಾ, ವಯಸ್ಸಾದೋರನ್ನ ಹತ್ತಿಸೋಕೆ ಇಳಿದು ಹತ್ತಿ, ನನ್ನ ಯೂನಿಫಾರಂ ಎರಡು ಸಲ ಹರಿದಿದೆ. ನಾನು ದಪ್ಪ ಆದೆ ಅಂದ್ಕೊಂಡಿದ್ದೆ.”

ಅಲ್ಲಿಂದ ಅವಳು ಹಳೆಯ ಜಾಗಕ್ಕೆ ನಡೆದಳು. ಅಲ್ಲಿ ಹಿಂದಿನವರು ಕಟ್ಟಿದ ಕಲ್ಲಿನ ಜಗಲಿ ಹುಲ್ಲು ಬೆಳೆದುಕೊಂಡು ಹಾಗೇ ಇತ್ತು. ಮುಂದಿನ ಬಸ್ಸಿನ ಡ್ರೈವರಿಗೆ ಕೈ ಅಡ್ಡ ಮಾಡಿ ನಿಲ್ಲಿಸಿ ಅಳೆದಳು. ಹತ್ತು ಇಂಚು. ಹೊಸ ಜಾಗದಲ್ಲಿ ಜಗಲಿ ಇರಲಿಲ್ಲ, ಜೊತೆಗೆ ಡಾಂಬರು ರಸ್ತೆಯನ್ನು ಎತ್ತರಿಸಿತ್ತು, ಜನ ನಿಲ್ಲುವ ಮಣ್ಣಿನ ಅಂಚು ಮಾತ್ರ ಹಳ್ಳದಲ್ಲೇ ಉಳಿದಿತ್ತು. ಮೇಷ್ಟರು ಹೇಳಿದ್ದು ಗಾದೆಯಾದರೂ, ನೆಲ ಡೊಂಕಾಗಿದ್ದದ್ದು ನಿಜವೇ.

ಮನೆಗೆ ಬಂದು ಅವಳು ಅಳತೆ ಪುಸ್ತಕ ತೆರೆದು ಒಂದು ಹೊಸ ಪುಟದಲ್ಲಿ ಗಿರಾಕಿಯ ಹೆಸರಿನ ಜಾಗದಲ್ಲಿ ‘ಬಸ್ಸು’ ಎಂದು ಬರೆದಳು. ಕೆಳಗೆ ಎರಡು ಅಳತೆ ಬರೆದಳು. ನೋಡುತ್ತ ಕೂತಿದ್ದ ಅಮ್ಮ ಮೆಲ್ಲಗೆ ಬಾಯಿಬಿಟ್ಟಳು. “ನಾನು ತಂಗಿ ಮನೆಗೆ ಹೋಗಿ ಎರಡು ತಿಂಗಳಾಯ್ತು ಕಣೇ. ಮಂಡಿ ನೋವು ಅಂತ ನಿಮಗೆ ಹೇಳಿದ್ದೆ. ಮಂಡಿ ಚೆನ್ನಾಗೇ ಇದೆ. ಆ ಬಸ್ಸು ಹತ್ತೋಕಾಗಲ್ಲ ಅಂತ ಹೇಳೋಕೆ ನಾಚಿಕೆಯಾಯ್ತು.” ಒಂದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ. ಆದರೆ ರಾಜಧಾನಿಯಲ್ಲಿ ಯಾವ ಸಂಸದ ಯಾರ ಮೇಲೆ ಮುನಿಸಿಕೊಂಡಿದ್ದಾನೆಂದು ನನಗೆ ಗೊತ್ತಿತ್ತು. ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುತ್ತಾರಲ್ಲ, ನಾನು ಊರಿಗೂ ಆಗಿರಲಿಲ್ಲ.

ಬಸ್ ಡಿಪೋಗೆ ಅವಳು ಒಬ್ಬಳೇ ಹೋದಳು. ಬನ್ನಿ ಅಂತ ಕರೆದಳು. ಅವತ್ತು ಪಾರ್ಲಿಮೆಂಟಿನಲ್ಲಿ ಮತದಾನ ಇದೆ ಎಂದೆ. ನಿಜವಾಗಿ ಹೆದರಿದ್ದು ಡಿಪೋದ ಫೈಲಿಗೆ. ಮೊದಲ ಸಲ ಗುಮಾಸ್ತರು ಅವಳ ಮುಂದೆಯೇ ಫೈಲು ತೆಗೆದು ನೋಡಿ, ಮ್ಯಾನೇಜರ್ ಇಲ್ಲ ಎಂದರು. ಎರಡನೇ ಸಲ ಮ್ಯಾನೇಜರ್ ಇದ್ದರು, ಸೂರು ನಗರಸಭೆಯದ್ದು, ಅಲ್ಲಿ ಕೇಳಿ ಎಂದರು. ನಗರಸಭೆಯವರು ಬಸ್ಸು ಡಿಪೋದ್ದು, ಅಲ್ಲೇ ಕೇಳಿ ಎಂದರು. ಮೂರನೇ ಸಲ ಅವಳು ಕಂಡಕ್ಟರನ ಹರಿದ ಯೂನಿಫಾರಮ್ಮನ್ನು ಮ್ಯಾನೇಜರ್ ಮೇಜಿನ ಮೇಲೆ ಹರಡಿ, “ನಿಮ್ಮ ಮನುಷ್ಯನದೇ ಸಾರ್. ಒಂದೈದು ನಿಮಿಷ ಬಂದು ನೋಡಿ, ಆಮೇಲೆ ಇಲ್ಲ ಅನ್ನಿ” ಎಂದಳಂತೆ. ಪ್ರತಿ ಸಲವೂ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳುತ್ತಿದ್ದಳು. ಫೈಲಿನಲ್ಲಿ ಏನಿತ್ತು ಎಂದು ಮಾತ್ರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮ್ಯಾನೇಜರ್ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಟಾಪಿಗೆ ಬಂದರು. ಹಿಂದೆ ಫೈಲು ಹಿಡಿದ ಗುಮಾಸ್ತರು. ಶಾಲೆ, ಆಸ್ಪತ್ರೆ, ಕಚೇರಿಗೆ ಹೋಗುವ ಇಪ್ಪತ್ತೈದು ಮೂವತ್ತು ಜನ ಅಲ್ಲಿದ್ದರು. ಮೇಷ್ಟರೂ ಇದ್ದರು, ಎಲ್ಲರ ಹಿಂದೆ ನಾನೂ ಇದ್ದೆ. ಸಾಲಿನ ಮುಂದೆ ಚೀಲ ಹಿಡಿದು, ತಂಗಿಯ ಮನೆಗೆ ಹೊರಟವಳಂತೆ ನನ್ನ ಅಮ್ಮ ನಿಂತಿದ್ದಳು. ಹಾಗೆ ಬಂದು ನಿಲ್ಲಲು ಅವಳಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ.

ಬಸ್ಸು ಬಂದು ನಿಂತಿತು. ಹೆಂಡತಿ ಅಳೆದು ತೋರಿಸಿದಳು. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡರು. “ಎಲ್ಲ ನಿಯಮದ ಪ್ರಕಾರ ಇದೆ ಅಮ್ಮಾ. ಎಲ್ಲ ಕಡೆ ಇದೇ ಬಸ್ಸು, ಇದೇ ಮೆಟ್ಟಿಲು. ದಿನಾ ಸಾವಿರಾರು ಜನ ಹತ್ತುತ್ತಾರೆ. ನಾನೇ ಹತ್ತಿ ತೋರಿಸ್ತೀನಿ.”

ಕಂಬಿ ಹಿಡಿದರು. ಬಲಗಾಲು ಎತ್ತಿದರು.

“ಸಾರ್, ಒಂದು ನಿಮಿಷ” ಎಂದಳು ಅವಳು. ದನಿ ಎತ್ತರಿಸಲಿಲ್ಲ. ಗಿರಾಕಿಯನ್ನು ನೋಡುವ ಕಣ್ಣಿನಿಂದ ಅವರ ಸೊಂಟದಿಂದ ಹಿಮ್ಮಡಿಯವರೆಗೆ ಒಮ್ಮೆ ನೋಡಿದಳು. “ನೀವು ಹಾಕಿರೋದು ರೆಡಿಮೇಡು. ಬಟ್ಟೆ ತೆಳು, ಸೀಟು ಬಿಗಿ, ಒಳಗೆ ಹೆಚ್ಚುವರಿ ಬಟ್ಟೆ ಅರ್ಧ ಇಂಚೂ ಬಿಟ್ಟಿಲ್ಲ. ಹದಿನೆಂಟು ಇಂಚಿನವರೆಗೆ ತಡೆಯುತ್ತೆ. ಇಪ್ಪತ್ತೊಂದೂವರೆಗೆ ತಡೆಯಲ್ಲ. ಹತ್ತಲೇಬೇಕು ಅಂದ್ರೆ ಹತ್ತಿ ಸಾರ್. ಸೂಜಿ ದಾರ ತಂದಿದ್ದೀನಿ.”

ಮ್ಯಾನೇಜರ್ ಕಾಲು ಗಾಳಿಯಲ್ಲೇ ನಿಂತಿತು. ಇಡೀ ಸ್ಟಾಪು ಅವರ ಪ್ಯಾಂಟನ್ನೇ ನೋಡುತ್ತಿತ್ತು. ಆಗ ನನ್ನ ಅಮ್ಮ ಹಿಂದಿನಿಂದ ಹೇಳಿದಳು: “ನೀನು ಹತ್ತಪ್ಪಾ. ನೀನು ಹತ್ತಿದ ಮೇಲೆ ನಾನು ಹತ್ತಬೇಕು.”

ಅವರು ಅಮ್ಮನನ್ನು ನೋಡಿದರು, ಮೆಟ್ಟಿಲನ್ನು ನೋಡಿದರು, ಕಾಲನ್ನು ಮೆಲ್ಲಗೆ ನೆಲಕ್ಕೆ ಇಳಿಸಿದರು. ಮೊದಲು ನಕ್ಕದ್ದು ಮೇಷ್ಟರು. ಆಮೇಲೆ ಮ್ಯಾನೇಜರೂ ಇಂಗು ತಿಂದ ಮಂಗನ ಹಾಗೆ ನಕ್ಕರು. “ಇಲ್ಲಿಗೆ ಸ್ಟಾಪು ತಂದ ಪುಣ್ಯಾತ್ಮ ಯಾರ್ರೀ? ಫೈಲು ಕೊಡಿ.”

ಗುಮಾಸ್ತರು ಫೈಲು ಬಿಡಿಸಿ ಬಸ್ಸಿನ ಮೆಟ್ಟಿಲ ಮೇಲಿಟ್ಟರು. ಗಾಳಿಗೆ ಕಾಗದ ಹಾರುವಂತಿತ್ತು. ನನ್ನ ಹೆಂಡತಿ ಮುಂದೆ ಬಾಗಿ ಸುತ್ತಿದ ಟೇಪನ್ನು ಪುಟದ ಕೆಳತುದಿಯ ಮೇಲೆ ಇಟ್ಟಳು. ಅದು ಸರಿಯಾಗಿ ನನ್ನ ಸಹಿಯ ಮೇಲೆ ಕೂತಿತು. “ಸಹಿ ಯಾರದ್ದಾದರೇನು ಸಾರ್, ಹದಿನೈದು ದಿನಕ್ಕೆ ಮಾತ್ರ ಅಂತ ಬರೆದಿದೆ ನೋಡಿ” ಎಂದು ಬೆರಳಿಟ್ಟು ತೋರಿಸಿದಳು. ಅವಳಿಗೆ ಗೊತ್ತಿತ್ತು. ಮೊದಲ ದಿನ ಫೈಲು ನೋಡಿದಾಗಿನಿಂದ ಗೊತ್ತಿತ್ತು.

ಅವಳು ಅಷ್ಟು ದಿನ ಹೊಟ್ಟೆಗೆ ಹಾಕಿಕೊಂಡದ್ದನ್ನು ನೋಡಿ ನನಗೆ ನಿಲ್ಲಲಾಗಲಿಲ್ಲ. ಜನರ ನಡುವಿನಿಂದ ಮುಂದೆ ಹೋಗಿ ಟೇಪು ಎತ್ತಿದೆ. “ಸಹಿ ನಂದೇ ಸಾರ್. ಯಾರನ್ನೂ ಕೇಳದೆ ಹಾಕಿದ್ದು. ಇವರ ಬಟ್ಟೆ ಹರಿದದ್ದು ಇವಳ ಹೊಲಿಗೆಯಿಂದ ಅಲ್ಲ, ನನ್ನ ಸಹಿಯಿಂದ” ಎಂದೆ. ಮೇಷ್ಟರ ಕಡೆ ತಿರುಗಿ ಹೇಳಿದ್ದು ಕೊನೆಯ ಮಾತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ನಡೆಯುವಾಗ ಕೇಳಿದೆ, “ಗೊತ್ತಿದ್ದೂ ಯಾಕೆ ಒಂದು ಮಾತೂ ಕೇಳಲಿಲ್ಲ?”

ನನ್ನ ಕೈಯಿಂದ ಟೇಪು ತೆಗೆದು ಕುತ್ತಿಗೆಗೆ ಹಾಕಿಕೊಂಡಳು. “ಬೀದಿಯೆಲ್ಲ ನನ್ನ ಕೈ ತಪ್ಪಿತು ಅಂದಾಗ ನನಗೆ ಹೇಗಾಯ್ತು ಅಂತ ನನಗೆ ಗೊತ್ತಲ್ಲ. ನಿಮಗೂ ಹಾಗಾಗೋದು ಬೇಡ ಅನ್ನಿಸ್ತು.”

ಎಂಟು ದಿನದಲ್ಲಿ ತಗಡಿನ ಸೂರು ಹಳೆಯ ಜಗಲಿಗೆ ವಾಪಸಾಯಿತು. ಹುಲ್ಲು ಕೀಳಲು ಮೊದಲು ಬಂದವರು ಮೇಷ್ಟರು. ಅದೇ ಸಂಜೆ ಹೊಸ ಬಟ್ಟೆಯ ತುಂಡು ತಂದು ಹಲಗೆಯ ಮೇಲಿಟ್ಟು, ಎಲ್ಲರ ಮುಂದೆ ಹೇಳಿದರು: “ತಪ್ಪಾಯ್ತು ಅಮ್ಮಾ. ನೆಲ ಡೊಂಕೇ ಆಗಿತ್ತು.” ಅವಳು, “ಬಲಗಡೆ ತಿರುಗಿ ನಿಲ್ಲಿ ಮೇಷ್ಟ್ರೇ, ಸೊಂಟ ಒಂದಿಂಚು ಜಾಸ್ತಿ ಆಗಿದೆ” ಎಂದಳು. ಕ್ಷಮೆ ಕೊಟ್ಟ ರೀತಿ ಅದು. ಸರಳು ಮತ್ತೆ ತುಂಬಿತು. ಅಮ್ಮ ವಾರಕ್ಕೆ ಎರಡು ಸಲ ತಂಗಿಯ ಮನೆಗೆ ಹೋಗಿ ಈ ಕಥೆಯನ್ನು ಪ್ರತಿ ಸಲ ಒಂದೊಂದು ಇಂಚು ಉದ್ದ ಮಾಡಿ ಹೇಳಿಬರುತ್ತಾಳೆ.

ನಾನು ರಾಜಕೀಯ ಬಿಟ್ಟೆ ಎಂದುಕೊಳ್ಳಬೇಡಿ. ಚರ್ಚೆ ಈಗಲೂ ನೋಡುತ್ತೇನೆ, ಕೂಗಾಡುತ್ತೇನೆ. ದೇಶ ಸಣ್ಣದು ಎಂದು ನಾನು ಹೇಳುವುದಿಲ್ಲ. ಆದರೆ ನಾನು ನಲವತ್ತು ವರ್ಷ ಬಾಯಿ ಮಾಡಿ ರಾಜಧಾನಿಯಲ್ಲಿ ಒಂದು ಕಡ್ಡಿಯನ್ನೂ ಅಲುಗಿಸಲಿಲ್ಲ. ಅವಳು ಒಂದು ಟೇಪು ಹಿಡಿದು ಸ್ಟಾಪನ್ನು ಅರವತ್ತು ಹೆಜ್ಜೆ ಸರಿಸಿದಳು, ನನ್ನ ತಾಯಿ ಮನೆಯಿಂದ ಹೊರಗೆ ಬಂದಳು. ಅವಳ ಬಗ್ಗೆ ಇರುವ ಹೆಮ್ಮೆಯನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಪ್ರತಿ ಸೋಮವಾರ ಸ್ಟಾಪಿಗೆ ಹೋಗಿ ಅಳೆಯುವುದು ನನ್ನ ಕೆಲಸ. ಅವಳೇ ಹಚ್ಚಿದ್ದು. ಡಾಂಬರು ಯಾವಾಗ ಮೇಲೇಳುತ್ತದೆ, ಕಲ್ಲು ಯಾವಾಗ ಕುಸಿಯುತ್ತದೆ ಹೇಳಲಾಗದು ಅಂತ. ಹೋದ ವಾರ ಹೊಸ ಡ್ರೈವರೊಬ್ಬ ಬಂದಿದ್ದ. ನಾನು ಬಾಗಿಲ ಬಳಿ ಕೂತು ಟೇಪು ಬಿಡಿಸುವುದನ್ನು ಕಂಡು ಹಾರ್ನು ಒತ್ತಿದ. ತಲೆ ಹೊರಗೆ ಹಾಕಿ ರೇಗಿದ. “ಏನ್ರೀ ಅದು? ಯಾರು ನೀವು? ಡಿಪೋದವರಾ, ನಗರಸಭೆಯವರಾ?”

ನಾನು ಕಾರ್ಯದರ್ಶಿ ಅನ್ನಬಹುದಿತ್ತು.

“ಟೈಲರಮ್ಮನ ಗಂಡ” ಎಂದೆ.

ಕಂಡಕ್ಟರ್ ಒಳಗಿನಿಂದ ಅವನಿಗೆ ಏನೋ ಹೇಳಿದ. ಡ್ರೈವರ್ ಇಂಜಿನ್ ಆರಿಸಿ, ನಾನು ಅಳೆದು ಮುಗಿಸುವವರೆಗೂ ಕಾದ. ಹತ್ತೇ ಇಂಚು ಇತ್ತು.